ವಂದನಾರ್ಪಣೆಯಲ್ಲಿ ಬಿಟ್ಟುಹೋದ ಹೆಸರು: ಗುಳೇದಗುಡ್ಡದ ಒಂದು ಡಿಜಿಟಲ್ ಕಲಿಕಾ ಪ್ರತಿಷ್ಠಾನದ ಪ್ರಕರಣ

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ಊರಿನವರೇ ಸೇರಿ ಕಟ್ಟಿದ, ಹೆಂಗಸರಿಗೆ ಫೋನು, ಕಂಪ್ಯೂಟರು ಬಳಸಲು ಕಲಿಸುವ ಒಂದು ಸಣ್ಣ ಪ್ರತಿಷ್ಠಾನವು ತನ್ನ ಉದ್ಘಾಟನೆಯ ದಿನ ನೆರವಾದವರಿಗೆ ಕೃತಜ್ಞತೆ ಸಲ್ಲಿಸಿದ ರೀತಿ, ಅದರಲ್ಲಿ ಆದ ಎಡವಟ್ಟುಗಳು ಮತ್ತು ಮುಂದಿನ ಕೆಲವು ತಿಂಗಳಲ್ಲಿ ಅವುಗಳನ್ನು ಸರಿಪಡಿಸಿಕೊಂಡ ಬಗೆ ಈ ಬರಹದ ವಿಷಯ. ಪ್ರತಿಷ್ಠಾನದ ಲೆಕ್ಕ ಬರೆಯುವ ಹೊಣೆ ನನ್ನದಾಗಿತ್ತು. ವಂದನಾರ್ಪಣೆಯ ಪಟ್ಟಿಯನ್ನು ಸಿದ್ಧಪಡಿಸಿದವನೂ ನಾನೇ. ಆದ್ದರಿಂದ ಇಲ್ಲಿ ಬರುವ ತಪ್ಪುಗಳಲ್ಲಿ ದೊಡ್ಡ ಪಾಲು ನನ್ನದು. ಯಾರ ಹೆಸರನ್ನೂ ಇಲ್ಲಿ ಹೇಳಿಲ್ಲ. ಬಿಟ್ಟುಹೋದ ಹೆಸರಿನ ಕುರಿತ ಬರಹದಲ್ಲಿ ಹೆಸರುಗಳನ್ನೇ ಬಿಡುವುದು ವಿಚಿತ್ರವಾಗಿ ಕಂಡೀತು, ಆದರೆ ಸಂಬಂಧಪಟ್ಟವರಲ್ಲಿ ಹಲವರು ಕೇಳಿಕೊಂಡದ್ದೇ ಹಾಗೆ.

ಕೇಂದ್ರ ಹುಟ್ಟಿದ ಸಂದರ್ಭ

ಗುಳೇದಗುಡ್ಡವೆಂದರೆ ಖಣ. ಇಳಕಲ್ಲ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸವೇ ಆಗಬೇಕೆಂಬುದು ಈ ಸೀಮೆಯ ಹೆಣ್ಣುಮಕ್ಕಳ ಹಳೆಯ ಹಟ. ಹೊಲಿದ ರವಿಕೆಗಳು ಅಂಗಡಿಗೆ ಬಂದ ಮೇಲೆ ಆ ಹಟ ಸಡಿಲಾಯಿತು, ಮಗ್ಗಗಳ ಸದ್ದೂ ತಗ್ಗಿತು. ಆದರೂ ಮನೆಯಲ್ಲಿ ಕೂತು ಕಂಡಿಕೆ (ಲಾಳಿಯೊಳಗಿನ ನೂಲಿನ ಸುರುಳಿ) ಸುತ್ತುವ ಹೆಂಗಸರು ಊರಿನ ಓಣಿಗಳಲ್ಲಿ ಇಂದಿಗೂ ಇದ್ದಾರೆ. ಮೊದಲು ವಾರದ ಮಜೂರಿ ಕೈಗೆ ಬರುತ್ತಿತ್ತು, ಈಗ ಹಲವು ಮನೆಗಳಲ್ಲಿ ಅದು ಗಂಡನ ಅಥವಾ ಮಗನ ಫೋನಿಗೆ ಬರುತ್ತದೆ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಗಿ ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬರತೊಡಗಿದ ಮೇಲೆ, ದುಡ್ಡು ಜಮಾ ಆಯಿತೋ ಇಲ್ಲವೋ ಎಂದು ತಿಳಿಯಲು ಫೋನನ್ನು ಪಕ್ಕದ ಮನೆಯ ಹುಡುಗನ ಕೈಗೆ ಕೊಡುವುದು, ಅವನು ಕೇಳಿದ ಕೂಡಲೇ ಓಟಿಪಿ ಹೇಳಿಬಿಡುವುದು ದಿನನಿತ್ಯದ ಮಾತಾಯಿತು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿದ್ದ ಅಕ್ಕಾವರೊಬ್ಬರಿಗೆ ಇದು ಸರಿಕಾಣಲಿಲ್ಲ. ಮಜೂರಿ ತನ್ನದು, ಫೋನು ತನ್ನದು, ಅದನ್ನು ನೋಡುವ ಕಣ್ಣು ಮಾತ್ರ ಇನ್ನೊಬ್ಬರದು ಎಂದು ಅವರು ಆಗಾಗ ಹೇಳುತ್ತಿದ್ದರು.

ಸರ್ಕಾರದ ಕಡೆಯಿಂದ ಏನೂ ಆಗಿರಲಿಲ್ಲವೆಂದಲ್ಲ. 2017ರಲ್ಲಿ ಮಂಜೂರಾದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನವು 6 ಕೋಟಿ ಗ್ರಾಮೀಣ ಜನರನ್ನು ಗುರಿಯಾಗಿಟ್ಟುಕೊಂಡು, ಮನೆಗೊಬ್ಬರಂತೆ 20 ಗಂಟೆಗಳ ತರಬೇತಿ ಕೊಡುವ ಯೋಜನೆಯಾಗಿತ್ತು. ಆದರೆ ಅದು ಹಳ್ಳಿಗಳಿಗಾಗಿ, 14ರಿಂದ 60 ವರ್ಷದವರಿಗಾಗಿ ಇದ್ದದ್ದು. 2024ರ ಮಾರ್ಚ್‌ಗೆ ಮುಗಿದೂ ಹೋಯಿತು. ಪುರಸಭೆಯ ವ್ಯಾಪ್ತಿಯಲ್ಲಿರುವ ನಮ್ಮ ಓಣಿಗಳಿಗಾಗಲಿ, ಅರವತ್ತು ದಾಟಿದ ಅಜ್ಜಿಯರಿಗಾಗಲಿ ಅದರಲ್ಲಿ ಜಾಗವಿರಲಿಲ್ಲ. ಅಕ್ಕಾವರು, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿದ್ದ ಅವರ ಹಳೆಯ ವಿದ್ಯಾರ್ಥಿಯೊಬ್ಬ, ಒಬ್ಬ ಖಣದ ವ್ಯಾಪಾರಿ ಮತ್ತು ನಾನು ಸೇರಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಟ್ರಸ್ಟ್ ಪತ್ರವನ್ನು ನೋಂದಾಯಿಸಿದೆವು. ನಮ್ಮಲ್ಲಿ ಯಾರ ಹತ್ತಿರವೂ ದೊಡ್ಡ ಗಂಟು ಇರಲಿಲ್ಲ. ಈ ಕಡೆಯ ರೂಢಿಯಂತೆ ಪಟ್ಟಿ (ವಂತಿಗೆ) ಎತ್ತಿದೆವು.

ಬಂದ ನೆರವು ಒಂದೇ ಬಗೆಯದಾಗಿರಲಿಲ್ಲ. ವ್ಯಾಪಾರಿಯು ತನ್ನ ಅಂಗಡಿಯ ಮೇಲಂತಸ್ತಿನ, ಒಂದು ಕಾಲಕ್ಕೆ ಖಣದ ಗಂಟುಗಳನ್ನು ಇಡುತ್ತಿದ್ದ ಕೋಣೆಯನ್ನು ಮೂರು ವರ್ಷದ ಮಟ್ಟಿಗೆ ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಒಂದು ಪತ್ತಿನ ಸಹಕಾರಿ ಸಂಘದವರು ತಾವು ಬಳಸಿ ಬಿಟ್ಟಿದ್ದ ಒಂಬತ್ತು ಕಂಪ್ಯೂಟರುಗಳನ್ನು ಕೊಟ್ಟರು. ಪುಣೆ, ಬೆಂಗಳೂರುಗಳಲ್ಲಿ ನೆಲೆಸಿದ ಊರವರು ಯುಪಿಐ ಮೂಲಕ ಹಣ ಕಳಿಸಿದರು. ಕಂಡಿಕೆ ಸುತ್ತುವ ಹೆಂಗಸರು ತಲಾ ಐವತ್ತು ರೂಪಾಯಿ ಕೊಟ್ಟರು. ಒಬ್ಬ ಎಲೆಕ್ಟ್ರಿಷಿಯನ್ ಹಗಲಿನ ಕೆಲಸ ಮುಗಿಸಿಕೊಂಡು ಬಂದು ಮೂರು ರಾತ್ರಿ ಪೈಪು ಕೂರಿಸಿ, ವೈರು ಎಳೆದು, ಹಿತ್ತಲಿನಲ್ಲಿ ಅರ್ಥಿಂಗಿಗೆ ಕುಣಿ ತೋಡಿದರು. ಸಾಮಾನಿನ ಖರ್ಚು ಮಾತ್ರ ಪಡೆದು, ಮಜೂರಿ ಬೇಡವೆಂದರು. ಡಿಗ್ರಿ ಕಾಲೇಜಿನ ಮೂವರು ಹುಡುಗಿಯರು ಸಂಜೆ ಬಂದು ಕಲಿಸಲು ಒಪ್ಪಿದರು.

ಉದ್ಘಾಟನೆಯ ದಿನ

ಕಾರ್ಯಕ್ರಮ ಹನ್ನೊಂದಕ್ಕೆ ಇತ್ತು. ನಮ್ಮ ಕಡೆಯ ಸಭೆಗಳನ್ನು ಕಂಡವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ: ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗಿಸುವುದು, ಆಮೇಲೆ ಸತ್ಕಾರ. ಒಬ್ಬೊಬ್ಬರನ್ನೇ ವೇದಿಕೆಗೆ ಕರೆದು, ಶಾಲು ಹೊದಿಸಿ, ಹಾರ ಹಾಕಿ, ನೆನಪಿನ ಕಾಣಿಕೆ ಕೈಗಿಟ್ಟು, ಫೋಟೋಗೆ ನಿಲ್ಲಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಸರಿಯಿತು. ಕರೆದ ಕ್ರಮ ಹೀಗಿತ್ತು: ಮೊದಲು ಹುದ್ದೆಯಲ್ಲಿದ್ದವರು, ಬಳಿಕ ಹೆಚ್ಚು ಹಣ ಕೊಟ್ಟವರು, ಬಳಿಕ ಕಡಿಮೆ ಕೊಟ್ಟವರು. ಮೊದಲ ಸಾಲಿನ ಕೆಲವರು ನಮಗೆ ಕೊಟ್ಟದ್ದು ಬಂದು ಕೂತ ಉಪಕಾರವನ್ನಷ್ಟೇ.

ಅಂದಿನ ಕಾರ್ಯಕ್ರಮದ ತಿರುಳು ಬೇರೆಯೇ ಇತ್ತು. ಮೊದಲ ತಂಡದ ಹದಿನಾಲ್ಕು ಹೆಂಗಸರು ಒಂದು ವಾರ ತಾಲೀಮು ಮಾಡಿ, ಖಣದ ಫೋಟೋ ತೆಗೆದು ವಾಟ್ಸಾಪಿನಲ್ಲಿ ವ್ಯಾಪಾರಿಗೆ ಕಳಿಸುವುದನ್ನೂ, ಬೇರೆಯವರಿಂದ ಒಂದು ರೂಪಾಯಿಯನ್ನು ಯುಪಿಐನಲ್ಲಿ ಪಡೆಯುವಾಗ ಪಿನ್ ಒತ್ತುವ ಅಗತ್ಯವೇ ಇಲ್ಲವೆಂಬುದನ್ನೂ ಸಭೆಗೆ ಮಾಡಿ ತೋರಿಸುವವರಿದ್ದರು. ಹಣ ಬರುತ್ತದೆಂದು ನಂಬಿಸಿ ಪಿನ್ ಒತ್ತಿಸಿಕೊಳ್ಳುವುದೇ ಮೋಸಗಾರರ ಮುಖ್ಯ ಕೈಚಳಕವಾದ್ದರಿಂದ ಈ ಎರಡನೆಯದು ಊರಿಗೆ ಬೇಕಾದ ಪಾಠವೇ ಆಗಿತ್ತು. ಸತ್ಕಾರ ಮುಗಿಯುವ ಹೊತ್ತಿಗೆ ಅತಿಥಿಗಳು ಗಡಿಯಾರ ನೋಡತೊಡಗಿದ್ದರು. ನಿರೂಪಕರು "ಸಮಯದ ಅಭಾವದಿಂದ" ಎಂದು ಆರಂಭಿಸಿದಾಗಲೇ ನಮಗೆ ಗೊತ್ತಾಯಿತು. ಹದಿನಾಲ್ಕು ಮಂದಿಯಲ್ಲಿ ಇಬ್ಬರು ಮಾತ್ರ ವೇದಿಕೆ ಹತ್ತಿದರು.

ಇದರ ನಡುವೆ ಧ್ವನಿವರ್ಧಕ, ಫ್ಯಾನು, ಕಂಪ್ಯೂಟರು ಎಲ್ಲವೂ ಒಟ್ಟಿಗೆ ನಡೆದು ಎಂಸಿಬಿ (ಹೊರೆ ಹೆಚ್ಚಾದಾಗ ತಾನೇ ಕರೆಂಟ್ ಕಡಿಯುವ ಸ್ವಿಚ್ಚು) ಬಿದ್ದು, ಕರೆಂಟ್ ಹೋಯಿತು. ಎಲೆಕ್ಟ್ರಿಷಿಯನ್ ಸಭೆಯಲ್ಲಿರಲಿಲ್ಲ, ಏಕೆಂದರೆ ಅವರಿಗೆ ಆಮಂತ್ರಣ ಪತ್ರಿಕೆಯನ್ನೇ ಕೊಟ್ಟಿರಲಿಲ್ಲ. ನಾನೇ ಫೋನ್ ಮಾಡಿದೆ. ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು, ಹೊರೆಯನ್ನು ಎರಡು ಸಾಲಿಗೆ ಹಂಚಿ, ಹತ್ತು ನಿಮಿಷದಲ್ಲಿ ಸರಿಮಾಡಿ, ಗೋಡೆಗೆ ಒರಗಿ ನಿಂತರು. ಕೊನೆಗೆ ನಾನು ವಂದನಾರ್ಪಣೆ ಓದಿದೆ. ಮಂಟಪದವರ ಹೆಸರಿತ್ತು, ಹೂವಿನವರ ಹೆಸರಿತ್ತು, "ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ ಸರ್ವರಿಗೂ" ಎಂಬ ಸಾಲೂ ಇತ್ತು. ಎಲೆಕ್ಟ್ರಿಷಿಯನ್ನರ ಹೆಸರಿರಲಿಲ್ಲ. ಮೂರನೆಯ ಸಾಲಿನಲ್ಲಿ ಕುಳಿತಿದ್ದ ಅವರ ಹೆಂಡತಿ ನಮ್ಮ ಮೊದಲ ತಂಡದ ವಿದ್ಯಾರ್ಥಿನಿ. ಮರುದಿನದಿಂದ ಅವರು ತರಗತಿಗೆ ಬರಲಿಲ್ಲ.

ಹೆಸರು ಬಿಟ್ಟುಹೋದದ್ದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ನಾನು ಪಟ್ಟಿ ತಯಾರಿಸಿದ್ದು ರಸೀದಿ ಪುಸ್ತಕವನ್ನು ಮುಂದಿಟ್ಟುಕೊಂಡು. ರಸೀದಿ ಪುಸ್ತಕ ಹಣವನ್ನು ಮಾತ್ರ ಬಲ್ಲದು. ಮೂರು ರಾತ್ರಿಯ ದುಡಿಮೆಗೆ, ಸಂಜೆಯ ಪಾಠಕ್ಕೆ, ಕೋಣೆಯ ಕಸ ಗುಡಿಸಿದ ಕೈಗೆ ಅದರಲ್ಲಿ ಕಾಲಮ್ಮೇ ಇಲ್ಲ. ಸಾಮಾನಿನ ಬಿಲ್ಲು ಖರ್ಚಿನ ಪುಟದಲ್ಲಿ ಇದ್ದುದರಿಂದ ಎಲೆಕ್ಟ್ರಿಷಿಯನ್ನರು ನನ್ನ ಲೆಕ್ಕದಲ್ಲಿ ಕೊಟ್ಟವರಾಗಿರದೆ ಪಡೆದವರಾಗಿದ್ದರು! ಅಕ್ಕಾವರು ಅವರ ಮನೆಗೆ ಹೋದಾಗ ನಾನೂ ಜೊತೆಗಿದ್ದೆ. ಚಹಾ ಕೊಟ್ಟರು, ಮಾತು ಕಡಿಮೆ ಇತ್ತು. ಏಳುವ ಹೊತ್ತಿಗೆ ಹೇಳಿದರು: "ಹೆಸರ ತಗೊಂಡು ನಾ ಏನ್ ಮಾಡ್ಲಿ ಅಕ್ಕಾರ? ಆದ್ರ ಕರೆಂಟ್ ಹೋದಾಗ ನನ್ನ ನಂಬರ್ ನೆನಪಿಗೆ ಬಂತು, ಮೈಕಿನ್ಯಾಗ ಮಾತಾಡುವಾಗ ನೆನಪಿಗೆ ಬರಲಿಲ್ಲ."

ಪಟ್ಟಿ, ರಸೀದಿ, ಕಲ್ಲು

ಎರಡನೆಯ ತಪ್ಪು ಅದೇ ಸಂಜೆ ನಡೆಯಿತು. ಧನ್ಯವಾದ ಹೇಳುವ ಉತ್ಸಾಹದಲ್ಲಿ ದಾನಿಗಳ ಪೂರ್ತಿ ಪಟ್ಟಿಯನ್ನು, ಹೆಸರು, ಮೊತ್ತ, ಮೊಬೈಲ್ ನಂಬರ್ ಸಮೇತ, ಪಿಡಿಎಫ್ ಮಾಡಿ ಊರಿನ ಮೂರು ವಾಟ್ಸಾಪ್ ಗುಂಪುಗಳಿಗೆ ಹಾಕಿದೆವು. ಓಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಕಲಿಸಲು ಹುಟ್ಟಿದ ಸಂಸ್ಥೆಯೊಂದು ತನಗೆ ಒಳಿತು ಮಾಡಿದವರ ನಂಬರುಗಳನ್ನು ಊರೆಲ್ಲ ಹಂಚಿತು. ವಾರದೊಳಗೆ ಪಟ್ಟಿಯಲ್ಲಿದ್ದ ಹಿರಿಯರೊಬ್ಬರಿಗೆ "ನಿಮ್ಮ ದೇಣಿಗೆಯ ತೆರಿಗೆ ಹಣ ವಾಪಸ್ ಬಂದಿದೆ, ಈ ಲಿಂಕ್ ಒತ್ತಿ" ಎಂಬ ಕರೆ ಬಂತು. ಆ ಕರೆಗೂ ನಮ್ಮ ಪಟ್ಟಿಗೂ ನಂಟಿತ್ತೆಂದು ಸಾಧಿಸಿ ಹೇಳಲಾರೆ, ಇರಲಿಲ್ಲವೆಂದು ನನ್ನನ್ನು ನಾನು ನಂಬಿಸಿಕೊಳ್ಳಲೂ ಆಗಿಲ್ಲ. ಹಿರಿಯರು ಲಿಂಕ್ ಒತ್ತದೆ ಮಗನನ್ನು ಕೇಳಿದ್ದರಿಂದ ಹಣ ಉಳಿಯಿತು. ನಾವು ಪಟ್ಟಿಯನ್ನು ಅಳಿಸಿ, ಅದರಲ್ಲಿದ್ದ ಪ್ರತಿಯೊಬ್ಬರಿಗೂ ಫೋನ್ ಮಾಡಿ ಆದದ್ದನ್ನು ಹೇಳಿ, ಇಂಥ ಕರೆಯಲ್ಲಿ ಹಣ ಹೋದರೆ ತಡಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ತಿಳಿಸಬೇಕೆಂದೂ ವಿವರಿಸಿದೆವು. ಗುಂಪಿನಲ್ಲಿ ಒಮ್ಮೆ ಬಿದ್ದ ಕಡತ ಯಾರ ಫೋನಿನಲ್ಲಿ ಉಳಿದಿದೆಯೋ ಹೇಳುವವರಿಲ್ಲ. ಆ ಪಟ್ಟಿಯಲ್ಲಿ ತನ್ನ ಹೆಸರು ಎಲ್ಲಿಯೂ ಬರಬಾರದೆಂದು ಮೊದಲೇ ಕರಾರು ಹಾಕಿದ್ದ ಒಬ್ಬರೂ ಇದ್ದರು. ಅವರ ಮನೆಗೆ ಸಾಲ ಕೇಳುವ ನೆಂಟರು ಬಂದುಹೋದರಂತೆ. ಇಂದಿಗೂ ಅವರು ನಮ್ಮೊಡನೆ ಮೊದಲಿನಂತೆ ಇಲ್ಲ.

ಮೂರನೆಯದು ತೆರಿಗೆಯ ಮಾತು. ವೇದಿಕೆಯ ಮೇಲಿನಿಂದ ನಮ್ಮವರೊಬ್ಬರು "ದೇಣಿಗೆ ಕೊಟ್ಟ ಎಲ್ಲರಿಗೂ 80ಜಿ ವಿನಾಯಿತಿ ಉಂಟು" (ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ ರಿಯಾಯಿತಿ) ಎಂದು ಘೋಷಿಸಿಬಿಟ್ಟರು. ಆ ದಿನಕ್ಕೆ ನಮ್ಮ ಅರ್ಜಿಯೇನೋ ಸಲ್ಲಿಕೆಯಾಗಿತ್ತು, ಅನುಮೋದನೆ ಬಂದಿರಲಿಲ್ಲ. ಬಂದಿದ್ದರೂ "ಎಲ್ಲರಿಗೂ" ಎಂಬುದು ತಪ್ಪೇ. ಆಗ ಜಾರಿಯಲ್ಲಿದ್ದ ಆದಾಯ ತೆರಿಗೆ ಕಾಯ್ದೆ 1961ರ ಪ್ರಕಾರ ನಗದಾಗಿ ಕೊಟ್ಟ 2,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಗೆ ಆ ವಿನಾಯಿತಿ ಇರಲಿಲ್ಲ, ವಸ್ತುವಿನ ರೂಪದಲ್ಲಿ ಕೊಟ್ಟದ್ದಕ್ಕೂ ಇರಲಿಲ್ಲ, ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೂ ಸಿಗುತ್ತಿರಲಿಲ್ಲ. ಅನುಮೋದನೆ ಪಡೆದ ಸಂಸ್ಥೆಯು ಆ ವರ್ಷದ ದೇಣಿಗೆಗಳ ವಿವರವನ್ನು ಮುಂದಿನ ಮೇ 31ರೊಳಗೆ 10ಬಿಡಿ ನಮೂನೆಯಲ್ಲಿ ಸಲ್ಲಿಸಿ, 10ಬಿಇ ಪ್ರಮಾಣಪತ್ರವನ್ನು ದಾನಿಯ ಕೈಗೆ ಕೊಡಬೇಕಿತ್ತು. ಐದು ಸಾವಿರ ನಗದು ಕೊಟ್ಟಿದ್ದ ದಲಾಲಿ ಅಂಗಡಿಯವರು ರಸೀದಿ ಹಿಡಿದುಕೊಂಡು ಬಂದಾಗ ನಾವು ತಲೆತಗ್ಗಿಸಿ ನಿಜ ಹೇಳಬೇಕಾಯಿತು. ಧನ್ಯವಾದದ ಭರದಲ್ಲಿ ಕೊಡಲಾಗದ್ದನ್ನು ಕೊಟ್ಟೆವೆಂದು ಹೇಳುವುದು, ಧನ್ಯವಾದ ಹೇಳದಿರುವುದಕ್ಕಿಂತ ಕೆಟ್ಟದ್ದೆಂದು ನನಗೆ ಅಂದು ಅನಿಸಿತು.

ಕೋಣೆಯ ವಿಷಯದಲ್ಲಿ ಎದ್ದ ಜಗಳ ಸ್ವಲ್ಪ ಬೇರೆ ತೆರನದು. ವ್ಯಾಪಾರಿಗೆ ಏನೂ ಬೇಕಿರಲಿಲ್ಲ, ಆದರೆ ಅವರ ಅಣ್ಣನವರು ಬಾಗಿಲಿನ ಮೇಲೆ ತಮ್ಮ ತಂದೆಯ ಹೆಸರಿನ ಕಲ್ಲು ಕೂರಿಸಲೇಬೇಕೆಂದರು. ದಾನಿಯ ಹೆಸರಿಡುವುದು ಈ ಸೀಮೆಯಲ್ಲಿ ಗೌರವದ ಪರಂಪರೆಯೇ ಹೌದು. ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನೇ ವಿದ್ಯೆಗೆಂದು ಬಿಟ್ಟುಹೋದರು; ಬೆಳಗಾವಿಯ ಲಿಂಗರಾಜ ಕಾಲೇಜು ಇಂದಿಗೂ ಅವರ ಹೆಸರನ್ನು ಹೊತ್ತಿದೆ, ಅದನ್ನು ಯಾರೂ ಹೆಚ್ಚಾಯಿತು ಎನ್ನರು. ನಮ್ಮ ಕೋಣೆ ಮೂರು ವರ್ಷದ ಕರಾರಿನದು. ಕರಾರು ಮುಗಿದು ಕೋಣೆ ಮತ್ತೆ ಖಣದ ಗಂಟಿಗೆ ಹೋದರೆ ಕಲ್ಲನ್ನು ಕಿತ್ತು ಎಲ್ಲಿಡುವುದು ಎಂಬ ಪ್ರಶ್ನೆಗೆ ಅಣ್ಣನವರ ಬಳಿ ಉತ್ತರವಿರಲಿಲ್ಲ. ಕೊನೆಗೆ ಕಟ್ಟು ಹಾಕಿಸಿದ ಒಂದು ಹಾಳೆ ಗೋಡೆಗೆ ಬಂತು: ಯಾರು ಕೊಟ್ಟರು, ಎಷ್ಟು ವರ್ಷಕ್ಕೆ, ಏತಕ್ಕೆ.

ಈ ಮೂರು ಪ್ರಶ್ನೆಗಳ ಮಾದರಿ ಅಕ್ಕಾವರದು. ಒಂದು ಸಂಜೆಯ ಸಭೆಯಲ್ಲಿ ನಾನು ಹೊಸ ಫಲಕಕ್ಕೆ "ಗಣ್ಯ ದಾನಿಗಳು", "ಮಹಾದಾನಿಗಳು" ಎಂದು ಎರಡು ಸಾಲು ಬರೆದು ತೋರಿಸಿದಾಗ ಅವರು ನಕ್ಕು, "ತಮ್ಮಾ, ಶಾಸನದಾಗ ಹಿಂಗ ಬರದಿದ್ದು ಎಲ್ಲೆರ ನೋಡೀಯೇನು?" ಎಂದರು. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳು ನಮಗೆ ನೆರೆಯೂರುಗಳು. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಕಲ್ಲಿನ ಅಕ್ಷರ ತೋರಿಸಿದ ಅನುಭವ ಅವರಿಗಿತ್ತು. ದಾನಶಾಸನಗಳಲ್ಲಿ ಅರಸನ ಬಿರುದು ಎಷ್ಟೇ ಉದ್ದವಿರಲಿ, ದಾನದ ಮಾತು ಬಂದಾಗ ಬರಹ ಬಿಗಿಯಾಗುತ್ತದೆ ಎಂದು ಅವರು ವಿವರಿಸಿದರು: ಇಷ್ಟು ಮತ್ತರು (ಹಳೆಯ ಭೂಮಿಯ ಅಳತೆ) ಭೂಮಿ, ಅದರ ಎಲ್ಲೆ ಇಲ್ಲಿಂದ ಇಲ್ಲಿಗೆ, ನಂದಾದೀವಿಗೆಯ ಎಣ್ಣೆಗೆ ಒಂದು ಗಾಣ, ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು (ಹಸುವನ್ನು) ಕೊಂದ ಪಾಪ. ಕೊಟ್ಟವನ ಹೆಸರು ಅಲ್ಲಿ ಉಳಿದಿರುವುದು ಕೊಟ್ಟ ವಸ್ತುವಿನ ಜೊತೆಗೆ ಕಟ್ಟಿಹಾಕಿಕೊಂಡು. ಶಾಪದ ಸಾಲು ಕೂಡ ದಾನವನ್ನು ಪಡೆದು ನಡೆಸುವವರಿಗೆ ಇಟ್ಟ ಕಡಿವಾಣವೇ ಎಂಬುದು ಅವರ ಓದು. ನನಗೂ ಅದು ಸರಿಯೆನಿಸುತ್ತದೆ.

ಎರಡನೆಯ ಸಲದ ಧನ್ಯವಾದ

ಹಾಗೆ ಕಲಿತದ್ದರಿಂದ ಧನ್ಯವಾದವನ್ನು ಮತ್ತೊಮ್ಮೆ ಹೇಳಲು ತೀರ್ಮಾನವಾಯಿತು, ಈ ಸಲ ಸಭೆಯಿಲ್ಲದೆ. ನೆರವಾದ ಪ್ರತಿಯೊಬ್ಬರಿಗೂ ಒಂದು ಪತ್ರ ಹೋಗಬೇಕು. ಅದರಲ್ಲಿ ಅವರು ಕೊಟ್ಟದ್ದೇನು, ಅದು ಈಗ ಏನಾಗಿದೆ ಎಂಬೆರಡು ಸಂಗತಿ ಇರಲೇಬೇಕು, ಬಿರುದು ಇರಕೂಡದು. ಪಟ್ಟಿಯನ್ನು ರಸೀದಿ ಪುಸ್ತಕದಿಂದ ಮಾಡದೆ, ಕೋಣೆಯ ನಡುವೆ ನಿಂತು ಕಣ್ಣಿಗೆ ಬಿದ್ದ ಒಂದೊಂದು ವಸ್ತುವನ್ನೂ ತೋರಿಸಿ "ಇದು ಎಲ್ಲಿಂದ ಬಂತು" ಎಂದು ಕೇಳುತ್ತಾ ಮಾಡಿದೆವು. ಫ್ಯಾನು, ಚಾಪೆ, ನೀರಿನ ಕೊಡ, ಸ್ವಿಚ್ಚು. ಹೀಗೆ ಮಾಡಿದಾಗ ಹಳೆಯ ಪಟ್ಟಿಯಲ್ಲಿಲ್ಲದ ಹನ್ನೊಂದು ಮಂದಿ ಸಿಕ್ಕರು.

ಪತ್ರಗಳನ್ನು ಬೆರಳಚ್ಚು ಮಾಡುವ ಕೆಲಸವನ್ನು ವಿದ್ಯಾರ್ಥಿನಿಯರಿಗೇ ಪಾಠವಾಗಿ ಕೊಟ್ಟದ್ದು ಕಾಲೇಜಿನ ಹುಡುಗಿಯರ ಸಲಹೆ. ನುಡಿ ತಂತ್ರಾಂಶದಲ್ಲಿ ಬಳಕೆಯಲ್ಲಿರುವ, ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯನ್ನು ಅವರು ಆಗಷ್ಟೇ ಕಲಿಯುತ್ತಿದ್ದರು. ಅರವತ್ತರ ಆಸುಪಾಸಿನ ಒಬ್ಬರು "ಕೃತಜ್ಞತೆ" ಎಂಬ ಪದದೊಂದಿಗೆ ನಡೆಸಿದ ಸೆಣಸಾಟ ಇನ್ನೂ ನನ್ನ ಕಣ್ಣಮುಂದಿದೆ. ಕೆ ಒತ್ತಿ, ಶಿಫ್ಟ್ ಹಿಡಿದು ಆರ್ ಒತ್ತಿದರೆ ಕೃ. ಟಿ ಒತ್ತಿದರೆ ತ. ಆಮೇಲೆ ಜೆ, ಎಫ್, ಝಡ್ ಎಂಬ ಮೂರು ಕೀಲಿಗಳು ಸೇರಿ ಜ್ಞ ಆಗಬೇಕು. ಮಗ್ಗದ ಸದ್ದಿನಲ್ಲಿ ಕಂಡಿಕೆಯ ಎಳೆ ತುಂಡಾದುದನ್ನು ಬೆರಳಿನಲ್ಲೇ ಅರಿಯುವ ಆ ಕೈ, ಎಫ್ ಕೀಲಿಯನ್ನು ಒಂದು ಕ್ಷಣ ಹೆಚ್ಚು ಅದುಮಿ ಹಿಡಿದು ಅಕ್ಷರವನ್ನು ಮತ್ತೆ ಮತ್ತೆ ಒಡೆಯುತ್ತಿತ್ತು. ಐದನೆಯ ಸಲ ಬಂತು. ಪರದೆಯನ್ನು ನೋಡಿ ಅವರು, "ಇಷ್ಟೊಂದು ತ್ರಾಸ ಯಾಕ್ರಿ, ನಾವು ಹಿಂಗ ಅನ್ನೂದಿಲ್ಲಲ್ಲ, 'ನಿಮ್ಮ ಉಪಕಾರ ಮರಿಯೂದಿಲ್ಲ' ಅಂತೀವಿ" ಎಂದರು. ಆ ಪದವನ್ನು ತೆಗೆದು, ಅವರ ಮಾತನ್ನೇ ಎಲ್ಲ ಪತ್ರಗಳಿಗೂ ಇಟ್ಟೆವು.

ಪತ್ತಿನ ಸಂಘಕ್ಕೆ ಹೋದ ಪತ್ರದ ಬಗ್ಗೆ ಸಮಿತಿಯಲ್ಲಿ ವಾದವೇ ನಡೆಯಿತು. "ನೀವು ಕೊಟ್ಟ ಒಂಬತ್ತು ಕಂಪ್ಯೂಟರಿನಲ್ಲಿ ಏಳು ನಡೆಯುತ್ತವೆ, ಎರಡರ ಭಾಗಗಳನ್ನು ತೆಗೆದು ಉಳಿದವಕ್ಕೆ ಹಾಕಿದ್ದೇವೆ" ಎಂದು ವಿದ್ಯಾರ್ಥಿನಿ ಬರೆದಿದ್ದಳು. ಕೊಟ್ಟವರಿಗೆ ಕೆಟ್ಟುಹೋದದ್ದರ ಸುದ್ದಿ ಹೇಳುವುದು ಅವಮಾನವಾದೀತೆಂದು ನಾನು ಹಿಂಜರಿದೆ. ಅಕ್ಕಾವರು ಹಾಗೆಯೇ ಕಳಿಸಿದರು. ಸಂಘದ ವ್ಯವಸ್ಥಾಪಕರು ಫೋನ್ ಮಾಡಿ, ವಾರ್ಷಿಕ ಮಹಾಸಭೆಯಲ್ಲಿ ಸದಸ್ಯರಿಗೆ ಓದಿ ಹೇಳಲು ಸಹಿಯುಳ್ಳ ಒಂದು ಪ್ರತಿ ಬೇಕೆಂದರು. ಎಲ್ಲವೂ ಇಷ್ಟು ಸಲೀಸಾಗಲಿಲ್ಲ. ತಮ್ಮ ಹಣದಲ್ಲಿ ಕಿಟಕಿಯ ಪರದೆ ಮತ್ತು ಕಸಬರಿಗೆ ಕೊಂಡ ವಿವರ ಓದಿದ ಒಬ್ಬ ದಾನಿಗೆ ಸಿಟ್ಟು ಬಂತು. ಕಂಪ್ಯೂಟರಿಗೆಂದು ಕೊಟ್ಟಿದ್ದೆನೆಂದು ಅವರು ಹೇಳಿದರು, ನಾವು ಹಾಗೆಂದು ಕೇಳಿ ಪಡೆದಿರಲಿಲ್ಲ. ಆ ಮೇಲೆ ಹಣ ತೆಗೆದುಕೊಳ್ಳುವಾಗಲೇ ಏತಕ್ಕೆಂದು ರಸೀದಿಯ ಮೇಲೆ ಬರೆಸಿಕೊಳ್ಳುವ ಪದ್ಧತಿ ಬಂತು. ಕೆಲಸವಾಗಿ ಬಂದ ನೆರವಿಗೆ ಬೇರೆಯದೇ ಒಂದು ವಹಿ ಮಾಡಿದೆ. ಅದರಲ್ಲಿ ದಿನ, ಕೆಲಸ, ತಾಸು ಎಂಬ ಮೂರು ಕಾಲಮ್ಮುಗಳಿವೆ. ಪತ್ರಗಳ ಪ್ರತಿಗಳನ್ನು ಮೊತ್ತ ಮತ್ತು ನಂಬರುಗಳಿಲ್ಲದೆ, ಒಪ್ಪಿಗೆ ಕೊಟ್ಟವರದ್ದನ್ನು ಮಾತ್ರ, ಕೇಂದ್ರದ ಬಾಗಿಲಿನ ಒಳಬದಿಗೆ ಅಂಟಿಸಿದ್ದೇವೆ.

ಎಲೆಕ್ಟ್ರಿಷಿಯನ್ನರ ಪತ್ರವನ್ನು ಟೈಪ್ ಮಾಡಿದವರು ಅವರ ಹೆಂಡತಿಯೇ. ಅಕ್ಕಾವರು ಎರಡನೆಯ ಸಲ ಹೋಗಿ ಕರೆದ ಮೇಲೆ ಅವರು ತರಗತಿಗೆ ಮರಳಿದ್ದರು, ಮತ್ತು ಆ ಪತ್ರವನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ವಿವರಗಳನ್ನು ನಾನು ಹೇಳುತ್ತಾ ಹೋದೆ: ಮೂರು ರಾತ್ರಿ, ಒಂದು ಅರ್ಥಿಂಗ್ ಕುಣಿ, ಎರಡು ಸ್ವಿಚ್ ಬೋರ್ಡು, ಉದ್ಘಾಟನೆಯ ದಿನ ಹತ್ತು ನಿಮಿಷ. ಮರುದಿನ ಸಂಜೆ ಎಲೆಕ್ಟ್ರಿಷಿಯನ್ನರು ಪತ್ರವನ್ನು ಜೇಬಿನಲ್ಲಿ ಮಡಚಿಟ್ಟುಕೊಂಡು ಮಹಡಿ ಹತ್ತಿ ಬಂದರು. ಏನೂ ಮಾತನಾಡದೆ ಕೋಣೆಯ ಮೂಲೆಯಲ್ಲಿದ್ದ ಕಪಾಟನ್ನು ಗೋಡೆಯಿಂದ ಒಂದು ಗೇಣು ಸರಿಸಿ, ಹಿಂದೆ ಬೆರಳು ಮಾಡಿ ತೋರಿಸಿದರು. "ಎರಡ ಅಂತ ಬರದೀರಿ. ಬೋರ್ಡ್ ಮೂರು ಅದಾವ್ರಿ."

ಪತ್ರವನ್ನು ತಿದ್ದಿ ಮತ್ತೆ ಮುದ್ರಿಸಿ ಕೊಟ್ಟೆವು. ಕಪಾಟನ್ನು ಎದುರಿನ ಗೋಡೆಗೆ ಸರಿಸಿದ್ದೇವೆ. ಎಂಟನೆಯ ಕಂಪ್ಯೂಟರು ಬಂದರೆ ಈಗ ಅದಕ್ಕೆ ಜಾಗವಿದೆ.